ಮೂಳೆಗೆಂದು ಕೊಳ್ಳುವ ಮಾತ್ರೆಯ ಹಿಂದಿನ ಪುರಾವೆಯನ್ನು ಓದುವ ಬಗೆ

ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ಐವತ್ತು ದಾಟಿದವರಿರುವ ಮನೆಗಳಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ಪಕ್ಕದಲ್ಲಿ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ ಇರುವುದು ಈಗ ತೀರಾ ಸಾಮಾನ್ಯವಾಗಿದೆ. ಕೆಲವರಿಗೆ ಅದನ್ನು ವೈದ್ಯರು ಬರೆದುಕೊಟ್ಟಿರುತ್ತಾರೆ. ಹಲವರು ನೆರೆಯವರ ಮಾತು ಕೇಳಿ, ಟಿ.ವಿ. ಜಾಹೀರಾತು ನೋಡಿ ಅಥವಾ ಮೆಡಿಕಲ್ ಅಂಗಡಿಯವರ ಸಲಹೆಯ ಮೇಲೆ ತಾವೇ ಕೊಂಡಿರುತ್ತಾರೆ. ಡಬ್ಬಿಯ ಮೇಲೆ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಇದ್ದರೆ ಯಾರೂ ಮುಂದೆ ಪ್ರಶ್ನಿಸುವುದಿಲ್ಲ. ಏನು ಸಾಬೀತಾಗಿದೆ, ಯಾರ ಮೇಲೆ, ಎಷ್ಟು ಪ್ರಮಾಣದಲ್ಲಿ ಎಂಬ ಮೂರು ಸಂಗತಿಗಳನ್ನು ವೈದ್ಯಕೀಯ ಓದಿಲ್ಲದ ಸಾಮಾನ್ಯ ಓದುಗರೂ ಪರಿಶೀಲಿಸಬಹುದು, ಪರಿಶೀಲಿಸಬೇಕು ಎಂಬುದು ನನ್ನ ನಂಬಿಕೆ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದನ್ನು ಓದಿ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು; ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆಯನ್ನು ಕೇಳಲು ಇದನ್ನು ಬಳಸಿಕೊಳ್ಳಬೇಕು.

ಮೊದಲು, ತೊಂದರೆ ಮೂಳೆಯದೇ ಎಂದು ಖಚಿತಪಡಿಸಿಕೊಳ್ಳುವುದು

ಕ್ಯಾಲ್ಸಿಯಂ ಮಾತ್ರೆ ಕೊಳ್ಳಲು ಬರುವವರಲ್ಲಿ ಬಹಳ ಮಂದಿ ಹೇಳಿಕೊಳ್ಳುವುದು ಮೊಣಕಾಲು ನೋವನ್ನು. ಮೆಟ್ಟಿಲು ಹತ್ತಲಾಗದು, ನೆಲದ ಮೇಲೆ ಕೂತರೆ ಏಳಲಾಗದು, ಬೆಳಿಗ್ಗೆ ಕಾಲು ಬಿಗಿದಿರುತ್ತದೆ ಎಂಬ ಈ ದೂರುಗಳು ಹೆಚ್ಚಿನ ಸಂದರ್ಭಗಳಲ್ಲಿ ಕೀಲಿನೊಳಗೆ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ ಸಂಬಂಧಿಸಿದವು. ಅದು ಸಂಧಿವಾತದ ಒಂದು ಬಗೆ, ಮತ್ತು ಕ್ಯಾಲ್ಸಿಯಂನಿಂದ ಅದು ಗುಣವಾಗುತ್ತದೆ ಎನ್ನಲು ಆಧಾರವಿಲ್ಲ. ಮೂಳೆ ಒಳಗಿಂದ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬೇರೆಯದೇ ಕಾಯಿಲೆ. ಮೂಳೆ ಮುರಿಯುವವರೆಗೆ ಅದು ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ; ಬಚ್ಚಲಿನಲ್ಲಿ ಜಾರಿ ಬಿದ್ದಾಗ ಸೊಂಟದ ಮೂಳೆಯೋ ಮಣಿಕಟ್ಟೋ ಮುರಿದ ಮೇಲೆ, ಅಥವಾ ಬೆನ್ನು ಬಾಗಿ ಎತ್ತರ ಕುಗ್ಗಿದ ಮೇಲೆ ಅದು ತಿಳಿದುಬರುತ್ತದೆ. ಮೂರನೆಯದಾಗಿ, ವಿಟಮಿನ್ ಡಿ ತೀವ್ರವಾಗಿ ಕಡಿಮೆಯಾದಾಗ ಮೂಳೆ ಮೆತ್ತಗಾಗಿ ಮೈಯೆಲ್ಲ ನೋಯುವ, ತೊಡೆಯ ಸ್ನಾಯುಗಳು ಸೋಲುವ ಸ್ಥಿತಿಯೊಂದಿದೆ. ಇಲ್ಲಿ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ನಿಜವಾದ ಚಿಕಿತ್ಸೆ. ನಾಲ್ಕನೆಯದು ನಮ್ಮ ಭಾಗಕ್ಕೆ ವಿಶೇಷವಾದದ್ದು: ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆಯಂಥ ಕಡೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್‌ನಿಂದ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳುವ ಫ್ಲೋರೋಸಿಸ್.

ಈ ನಾಲ್ಕರಲ್ಲಿ ಯಾವುದು ಎಂದು ತಿಳಿಯದೆ ಕೊಳ್ಳುವ ಮಾತ್ರೆಗೆ ಯಾವ ಸಂಶೋಧನೆಯೂ ಬೆಂಬಲ ಕೊಡಲಾರದು. ಮೊಣಕಾಲು ನೋವಿಗೆಂದು ಗ್ಲೂಕೋಸಮೈನ್ ಮಾತ್ರೆಯನ್ನು ಮಾರುವಾಗಲೂ ಇದೇ ಗೊಂದಲ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 1,583 ಮೊಣಕಾಲು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆ ರೋಗಿಗಳನ್ನು ನೋಡಿದಾಗ ಅದು ಔಷಧಾಂಶವಿಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಅದನ್ನು ಮೂಳೆ ಗಟ್ಟಿಯಾಗಲೆಂದು ತೆಗೆದುಕೊಳ್ಳುವುದಂತೂ ಅರ್ಥವಿಲ್ಲದ ಮಾತು.

ಬಡಾವಣೆಗಳಲ್ಲಿ, ಸಮುದಾಯ ಭವನಗಳಲ್ಲಿ ಆಗಾಗ ನಡೆಯುವ ಉಚಿತ ಮೂಳೆ ಸಾಂದ್ರತೆ ತಪಾಸಣಾ ಶಿಬಿರಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಅಲ್ಲಿ ಹಿಮ್ಮಡಿಯನ್ನು ಚಿಕ್ಕ ಯಂತ್ರದಲ್ಲಿ ಇಟ್ಟು ಅಲ್ಟ್ರಾಸೌಂಡ್ ಮೂಲಕ ಒಂದು ಸಂಖ್ಯೆಯನ್ನು ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿದ ಮಾನದಂಡ, ಅಂದರೆ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಸಾಂದ್ರತೆಯ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಎಂಬುದು, ಎಕ್ಸ್‌ರೇ ಮೂಲಕ ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಅನ್ವಯಿಸುವಂಥದ್ದು. ಹಿಮ್ಮಡಿಯ ಯಂತ್ರದ ಸಂಖ್ಯೆಯನ್ನು ಅದೇ ಅಳತೆಯಲ್ಲಿ ಓದಿ ರೋಗವಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಶಿಬಿರದ ಚೀಟಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ಅಂಗಡಿಗೆ ಹೋಗುವ ಬದಲು, ಅದನ್ನು ವೈದ್ಯರಿಗೆ ತೋರಿಸಿ ಡೆಕ್ಸಾ ಬೇಕೇ ಎಂದು ಕೇಳಬೇಕು.

‘ಮುರಿತ ಕಡಿಮೆಯಾಯಿತೇ’ ಎಂದು ಕೇಳುವುದು

ಯಾವ ಪೂರಕದ ಬಗ್ಗೆ ಯಾರು ಏನು ಹೇಳಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಪ್ರಚಾರಗಳಲ್ಲಿ ಹೆಚ್ಚಾಗಿ ಕಾಣುವುದು ‘ಮೂಳೆಯ ಸಾಂದ್ರತೆ ಹೆಚ್ಚಿತು’ ಎಂಬ ಮಾತು. ಸಾಂದ್ರತೆ ಹೆಚ್ಚಿದರೆ ಮೂಳೆ ಗಟ್ಟಿಯಾದಂತೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಅದು ಹಾಗಾಗದೆ ಹೋದ ಪ್ರಸಿದ್ಧ ಉದಾಹರಣೆ ಇರುವುದು ನಮ್ಮ ಜಿಲ್ಲೆಗಳ ನೀರಿನಲ್ಲಿರುವ ಫ್ಲೋರೈಡ್‌ನದೇ.

ಫ್ಲೋರೈಡ್ ಮೂಳೆ ಕಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ ಎಂಬ ಕಾರಣಕ್ಕೆ, ಒಂದು ಕಾಲದಲ್ಲಿ ಅದನ್ನು ಆಸ್ಟಿಯೋಪೊರೋಸಿಸ್‌ಗೆ ಔಷಧವಾಗಿ ಕೊಡುತ್ತಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು ಮುಟ್ಟು ನಿಂತ 202 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 75 ಮಿ.ಗ್ರಾಂ ಸೋಡಿಯಂ ಫ್ಲೋರೈಡನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ನಾಲ್ಕು ವರ್ಷ ಕೊಟ್ಟರು. ಕ್ಯಾಲ್ಸಿಯಂ ಮಾತ್ರ ಎರಡೂ ಗುಂಪಿಗೆ ಇತ್ತು. 1990ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಫ್ಲೋರೈಡ್ ತೆಗೆದುಕೊಂಡವರ ಬೆನ್ನುಮೂಳೆಯ ಸಾಂದ್ರತೆ 35 ಪ್ರತಿಶತ ಏರಿತ್ತು. ಯಾವ ಜಾಹೀರಾತುದಾರನಾದರೂ ಆಸೆಪಡುವ ಸಂಖ್ಯೆ ಅದು. ಆದರೆ ಬೆನ್ನುಮೂಳೆಯ ಮುರಿತಗಳು ಗಣನೀಯವಾಗಿ ಇಳಿಯಲಿಲ್ಲ. ಬೆನ್ನುಮೂಳೆಯಲ್ಲದ ಬೇರೆ ಕಡೆಗಳ ಮುರಿತಗಳು ಹುಸಿಮಾತ್ರೆಯ ಗುಂಪಿನಲ್ಲಿ 24 ಆಗಿದ್ದರೆ ಫ್ಲೋರೈಡ್ ಗುಂಪಿನಲ್ಲಿ 72 ಆಗಿದ್ದವು. ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡ ಮೂಳೆ ಒಳಗೆ ಅಸ್ತವ್ಯಸ್ತವಾಗಿ ಬೆಳೆದು, ಹಳೆಯ ಮೂಳೆಗಿಂತ ಸುಲಭವಾಗಿ ಮುರಿಯುತ್ತಿತ್ತು.

ಈ ಪ್ರಯೋಗದಿಂದ ನಮ್ಮ ಭಾಗದವರಿಗೆ ಇನ್ನೊಂದು ನೇರ ಪ್ರಯೋಜನವೂ ಇದೆ. ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನುಮೂಳೆ ಡೆಕ್ಸಾ ಸ್ಕ್ಯಾನ್‌ನಲ್ಲಿ ಅಸಲಿಗಿಂತ ಚೆನ್ನಾಗಿ ಕಾಣಿಸಬಹುದು. ಆದ್ದರಿಂದ ಸ್ಕ್ಯಾನ್ ಮಾಡಿಸುವಾಗ ತಾವು ಯಾವ ಊರಿನವರು, ಎಷ್ಟು ವರ್ಷ ಬೋರ್‌ವೆಲ್ ನೀರು ಕುಡಿದಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಫ್ಲೋರೈಡ್‌ನ ಹಾನಿ ಹೆಚ್ಚು ತೀವ್ರವಾಗಿರುತ್ತದೆಂಬುದೂ ತಿಳಿದಿರುವ ಸಂಗತಿಯೇ. ಆದರೂ ನೀರನ್ನು ಬದಲಿಸದೆ ಮಾತ್ರೆಯನ್ನಷ್ಟೇ ನುಂಗುವುದು ಪರಿಹಾರವಲ್ಲ.

ಪ್ರಯೋಗದಲ್ಲಿ ಯಾರಿದ್ದರು ಎಂದು ನೋಡುವುದು

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಗ್ಗೆ ‘ಕೆಲಸ ಮಾಡುತ್ತದೆ’ ಎನ್ನುವವರೂ ‘ಏನೂ ಪ್ರಯೋಜನವಿಲ್ಲ’ ಎನ್ನುವವರೂ ನಿಜವಾದ ಪ್ರಯೋಗಗಳನ್ನೇ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವ್ಯತ್ಯಾಸವಿರುವುದು ಆ ಪ್ರಯೋಗಗಳಲ್ಲಿ ಭಾಗವಹಿಸಿದ ಜನರಲ್ಲಿ.

ಫ್ರಾನ್ಸಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವೃದ್ಧಾಶ್ರಮಗಳಲ್ಲಿದ್ದ 3,270 ಮಹಿಳೆಯರಿದ್ದರು. ಅವರ ಸರಾಸರಿ ವಯಸ್ಸು 84. ಊಟದಿಂದ ಅವರಿಗೆ ದಿನಕ್ಕೆ ದೊರೆಯುತ್ತಿದ್ದ ಕ್ಯಾಲ್ಸಿಯಂ ಸುಮಾರು 500 ಮಿ.ಗ್ರಾಂ ಮಾತ್ರ, ಮತ್ತು ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ವಿಟಮಿನ್ ಡಿ ಕೊಟ್ಟಾಗ, ಹದಿನೆಂಟು ತಿಂಗಳಲ್ಲಿ ಸೊಂಟದ ಮೂಳೆ ಮುರಿತ 43 ಪ್ರತಿಶತ ಕಡಿಮೆಯಾಯಿತು. ಈ ಒಂದು ಸಂಖ್ಯೆಯ ಮೇಲೆಯೇ ಅನೇಕ ಪ್ರಚಾರಗಳು ನಿಂತಿವೆ.

ಇದರ ಎದುರಿಗೆ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಬೃಹತ್ ಪ್ರಯೋಗವನ್ನು ಇಡಬೇಕು. 2006ರಲ್ಲಿ ಪ್ರಕಟವಾದ ಅದರಲ್ಲಿ 50ರಿಂದ 79 ವಯಸ್ಸಿನ 36,282 ಮಹಿಳೆಯರಿದ್ದರು. ತಮ್ಮ ಮನೆಗಳಲ್ಲಿ ಓಡಾಡಿಕೊಂಡಿದ್ದವರು, ಮೊದಲೇ ದಿನಕ್ಕೆ ಸರಾಸರಿ 1,100 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಪಡೆಯುತ್ತಿದ್ದವರು. ಅವರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ವಿಟಮಿನ್ ಡಿಯನ್ನು ಸರಾಸರಿ ಏಳು ವರ್ಷ ಕೊಡಲಾಯಿತು. ಸೊಂಟದ ಮೂಳೆಯ ಸಾಂದ್ರತೆ ಸುಮಾರು 1 ಪ್ರತಿಶತ ಹೆಚ್ಚಿತ್ತು. ಸೊಂಟದ ಮುರಿತ 12 ಪ್ರತಿಶತ ಕಡಿಮೆ ಕಂಡಿತಾದರೂ ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದಾಗಿತ್ತು.

ಪ್ರತಿಶತವನ್ನು ತಲೆಗಳ ಲೆಕ್ಕಕ್ಕೆ ತಿರುಗಿಸಿ ನೋಡುವ ಅಭ್ಯಾಸವನ್ನು ಇಲ್ಲಿಯೇ ಬೆಳೆಸಿಕೊಳ್ಳಬಹುದು. ಮಾತ್ರೆ ತೆಗೆದುಕೊಂಡ ಹದಿನೆಂಟು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 175 ಮಂದಿಯ ಸೊಂಟದ ಮೂಳೆ ಮುರಿಯಿತು, ಹುಸಿಮಾತ್ರೆ ತೆಗೆದುಕೊಂಡ ಅಷ್ಟೇ ಮಹಿಳೆಯರಲ್ಲಿ 199 ಮಂದಿಯದು ಮುರಿಯಿತು. ಅಂದರೆ 12 ಪ್ರತಿಶತ ಎಂಬುದು, ಹದಿನೆಂಟು ಸಾವಿರ ಮಂದಿ ಏಳು ವರ್ಷ ದಿನವೂ ಮಾತ್ರೆ ನುಂಗಿದ್ದಕ್ಕೆ 24 ಮುರಿತಗಳ ವ್ಯತ್ಯಾಸ. ಅದೇ ಅವಧಿಯಲ್ಲಿ ಮೂತ್ರಪಿಂಡದ ಕಲ್ಲು ಮಾತ್ರೆಯ ಗುಂಪಿನಲ್ಲಿ 449 ಮಂದಿಗೆ, ಇನ್ನೊಂದರಲ್ಲಿ 381 ಮಂದಿಗೆ ಕಾಣಿಸಿಕೊಂಡಿತು. ಲಾಭವನ್ನು ಪ್ರತಿಶತದಲ್ಲಿ ಹೇಳಿ ಹಾನಿಯ ಬಗ್ಗೆ ಮೌನವಾಗಿರುವ ಯಾವ ಬರಹವನ್ನೂ ನಂಬಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಆ ಪ್ರಯೋಗದಲ್ಲಿ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವರನ್ನಷ್ಟೇ ಪ್ರತ್ಯೇಕಿಸಿ ನೋಡಿದಾಗ ಸೊಂಟದ ಮುರಿತ 29 ಪ್ರತಿಶತ ಕಡಿಮೆ ಇತ್ತು ಎಂಬುದನ್ನೂ ಹೇಳುವುದು ನ್ಯಾಯ. ಆದರೆ ಮಾತ್ರೆಯನ್ನು ನಿಯಮಿತವಾಗಿ ತೆಗೆದುಕೊಳ್ಳುವವರು ಊಟ, ನಡಿಗೆ, ಎಚ್ಚರಿಕೆ ಎಲ್ಲದರಲ್ಲೂ ನಿಯಮಿತರಾಗಿರುವ ಸಾಧ್ಯತೆ ಇರುವುದರಿಂದ, ಅಂಥ ಲೆಕ್ಕವನ್ನು ಎರಡನೆಯ ದರ್ಜೆಯ ಪುರಾವೆಯಾಗಿ ಮಾತ್ರ ಪರಿಗಣಿಸಬೇಕು.

ವಿಟಮಿನ್ ಡಿ ಒಂದನ್ನೇ ಪರೀಕ್ಷಿಸಿದ ದೊಡ್ಡ ಪ್ರಯೋಗವೂ ಅಮೆರಿಕದ್ದೇ. ವೈಟಲ್ ಎಂಬ ಹೆಸರಿನ ಆ ಪ್ರಯೋಗದಲ್ಲಿ 25,871 ಮಂದಿ ಸ್ತ್ರೀಪುರುಷರಿದ್ದರು. ಸುಮಾರು ಐದು ವರ್ಷ ದಿನಕ್ಕೆ 2,000 ಯೂನಿಟ್ ಕೊಟ್ಟರೂ ಮುರಿತಗಳು ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಅವರಲ್ಲಿ ಹೆಚ್ಚಿನವರಿಗೆ ಪ್ರಾರಂಭದಲ್ಲಿಯೇ ವಿಟಮಿನ್ ಡಿ ಕೊರತೆ ಇರಲಿಲ್ಲ.

ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಇದೇ ಚಿತ್ರವನ್ನು ಸ್ಪಷ್ಟಪಡಿಸಿತು. ವಿಟಮಿನ್ ಡಿ ಒಂದರಿಂದಲೇ ಮುರಿತ ತಪ್ಪುವ ಸಂಭವ ಕಡಿಮೆ. ಕ್ಯಾಲ್ಸಿಯಂ ಜೊತೆಗೆ ಕೊಟ್ಟಾಗ, ಮನೆಗಳಲ್ಲಿ ವಾಸಿಸುವ ಸಾವಿರ ವೃದ್ಧರಲ್ಲಿ ವರ್ಷಕ್ಕೆ ಒಂದು ಸೊಂಟದ ಮುರಿತವೂ, ಆರೈಕೆ ಕೇಂದ್ರಗಳಲ್ಲಿರುವ ಸಾವಿರ ವೃದ್ಧರಲ್ಲಿ ಒಂಬತ್ತು ಮುರಿತಗಳೂ ತಪ್ಪುತ್ತವೆ.

ಆದ್ದರಿಂದ ಯಾವುದೇ ಪ್ರಯೋಗವನ್ನು ಓದುವಾಗ, ಈ ಜನರು ನಮ್ಮ ಮನೆಯವರಂತೆ ಇದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಎಂಬತ್ತರ ಗಡಿ ದಾಟಿ, ಹಲ್ಲಿಲ್ಲದೆ ಅನ್ನ ಸಾರಿನಲ್ಲಿಯೇ ದಿನ ಕಳೆಯುತ್ತ, ವರ್ಷಗಳಿಂದ ಹೊಸಿಲು ದಾಟದ ಅವ್ವ ಫ್ರಾನ್ಸಿನ ಆ ಮಹಿಳೆಯರಿಗೆ ಹತ್ತಿರವಾಗಿದ್ದಾರೆ. ಅವರಿಗೆ ದಿನನಿತ್ಯದ ಸಣ್ಣ ಪ್ರಮಾಣದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡಲು ಗಟ್ಟಿಯಾದ ಕಾರಣವಿದೆ. ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆದು, ಹಾಲು ಮೊಸರು ಚೆನ್ನಾಗಿ ಬಳಸುವ ಐವತ್ತೈದರ ಶಿಕ್ಷಕಿಯೊಬ್ಬರು ಅಮೆರಿಕದ ಮಹಿಳೆಯರಿಗೆ ಹತ್ತಿರ; ಅವರಿಗೆ ಅದೇ ಮಾತ್ರೆಯಿಂದ ದೊರೆಯುವುದು ಬಹಳ ಕಡಿಮೆ.

ಆಸ್ಟಿಯೋಪೊರೋಸಿಸ್ ಖಚಿತವಾದವರ ವಿಷಯ ಬೇರೆ. ಅಲೆಂಡ್ರೊನೇಟ್ ಎಂಬ ಔಷಧ, ಬೆನ್ನುಮೂಳೆ ಈಗಾಗಲೇ ಮುರಿದಿದ್ದ 2,027 ಮಹಿಳೆಯರ ಮೇಲೆ ನಡೆದ 1996ರ ಪ್ರಯೋಗದಲ್ಲಿ, ಸೊಂಟದ ಮುರಿತವನ್ನು ಅರ್ಧಕ್ಕೆ ಇಳಿಸಿತು. ಅಲ್ಲಿ ಎರಡೂ ಗುಂಪುಗಳ ಹೆಚ್ಚಿನವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ದೊರೆಯುತ್ತಿತ್ತು. ಅಂದರೆ ಇಂಥ ರೋಗಿಗಳಲ್ಲಿ ಕ್ಯಾಲ್ಸಿಯಂ ಊರುಗೋಲು ಮಾತ್ರ, ನಡೆಸುವುದು ಔಷಧ. ಸೊಂಟ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಯಾಲ್ಸಿಯಂ ಮಾತ್ರೆಯೊಂದರಲ್ಲಿಯೇ ಸಮಾಧಾನಪಟ್ಟುಕೊಂಡು ಇರುವ ಹಿರಿಯರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಎರಡನೆಯ ಮುರಿತವನ್ನು ತಡೆಯಬಲ್ಲ ಚಿಕಿತ್ಸೆಯ ಬಗ್ಗೆ ಅವರಿಗೆ ಯಾರೂ ಹೇಳಿರುವುದಿಲ್ಲ.

ಊಟದ ಲೆಕ್ಕವನ್ನು ಮೊದಲು ಹಾಕುವುದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಈ ಮೊತ್ತ ಊಟ ಮತ್ತು ಮಾತ್ರೆ ಎರಡೂ ಸೇರಿದ್ದು. ಆದ್ದರಿಂದ ಮಾತ್ರೆಯ ಅಗತ್ಯವನ್ನು ತಿಳಿಯಲು ಊಟದಲ್ಲಿ ಎಷ್ಟಿದೆ ಎಂದು ಒಂದೆರಡು ದಿನ ಬರೆದಿಟ್ಟು ಕೂಡಿಸಿ ನೋಡಬೇಕು.

ಒಣ ರಾಗಿಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅದೇ ಪ್ರಮಾಣದ ಜೋಳದಲ್ಲಿ 30ನ್ನೂ ಮುಟ್ಟುವುದಿಲ್ಲ, ಪಾಲಿಶ್ ಅಕ್ಕಿಯಲ್ಲಿ 10ಕ್ಕಿಂತ ಕಡಿಮೆ. ಈ ವ್ಯತ್ಯಾಸ ನಮ್ಮಲ್ಲಿ ಬಹಳ ಮುಖ್ಯವಾದದ್ದು. ಹೊಸದುರ್ಗ, ಹಿರಿಯೂರು ಕಡೆಯ ಮುದ್ದೆ ಉಣ್ಣುವ ಮನೆಯವರಿಗೂ, ದಾವಣಗೆರೆಯಲ್ಲಿ ಅನ್ನ ಮತ್ತು ಜೋಳದ ರೊಟ್ಟಿ ಉಣ್ಣುವ ಮನೆಯವರಿಗೂ, ಬೇರೇನೂ ಬದಲಾಗದಿದ್ದರೂ ದಿನಕ್ಕೆ ಮುನ್ನೂರು ಮಿಲಿಗ್ರಾಂಗಳ ಅಂತರ ಬೀಳಬಹುದು. ಸಂಜೆಯ ಮಂಡಕ್ಕಿಯಿಂದಲಂತೂ ಲೆಕ್ಕಕ್ಕೆ ಹಿಡಿಯುವಷ್ಟು ಕ್ಯಾಲ್ಸಿಯಂ ಬರುವುದಿಲ್ಲ. ಹಾಲು 200 ಮಿ.ಲೀ. ಲೋಟಕ್ಕೆ ಸುಮಾರು 240 ಮಿ.ಗ್ರಾಂ ಕೊಡುತ್ತದೆ. ನುಗ್ಗೆಸೊಪ್ಪಿನಲ್ಲಿ 100 ಗ್ರಾಂಗೆ 300ರ ಆಸುಪಾಸು, ಹುರುಳಿಕಾಳಿನಲ್ಲಿ ಸುಮಾರು 270, ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು ಇದೆ. ಆದರೆ ಎಳ್ಳನ್ನು ಯಾರೂ ನೂರು ಗ್ರಾಂ ತಿನ್ನುವುದಿಲ್ಲವಾದ್ದರಿಂದ ಚಟ್ನಿಪುಡಿಯ ಒಂದು ಚಮಚದಷ್ಟನ್ನೇ ಲೆಕ್ಕ ಹಿಡಿಯಬೇಕು. ರಾಗಿ ಮತ್ತು ಎಳ್ಳಿನಲ್ಲಿರುವ ಫೈಟೇಟ್, ಆಕ್ಸಲೇಟ್‌ಗಳು ಕ್ಯಾಲ್ಸಿಯಂ ಹೀರಿಕೆಯನ್ನು ಸ್ವಲ್ಪ ತಡೆಯುತ್ತವೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದಾಗ ಫೈಟೇಟ್ ಇಳಿಯುತ್ತದೆ.

ಹೀಗೆ ಕೂಡಿಸಿದಾಗ 700 ಮಿ.ಗ್ರಾಂ ಬಂದರೆ, ಕೊರತೆಯಿರುವುದು 300ರಿಂದ 500 ಮಾತ್ರ. ಅದನ್ನು ಇನ್ನೊಂದು ಲೋಟ ಹಾಲು, ಒಂದು ಬಟ್ಟಲು ಮೊಸರು ತುಂಬಬಲ್ಲವು. ಊಟದಿಂದ ಕೊರತೆ ತುಂಬುವುದಕ್ಕೆ ಮಾತ್ರೆಗಿಂತ ಕಡಿಮೆ ಪುರಾವೆ ಇದೆ ಎಂದು ತಿಳಿಯಬೇಕಾಗಿಲ್ಲ. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳಲ್ಲಿ 7,195 ಮಂದಿಯ ಮೇಲೆ ಎರಡು ವರ್ಷ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧ ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್‌ಗಳನ್ನು ಹೆಚ್ಚಿಸಿ ದಿನದ ಕ್ಯಾಲ್ಸಿಯಂ ಅನ್ನು ಸುಮಾರು 700ರಿಂದ 1,142 ಮಿ.ಗ್ರಾಂಗೆ ಏರಿಸಿದರು. ಜೊತೆಗೆ ಪ್ರೋಟೀನ್ ಕೂಡ ಏರಿತು. ಒಟ್ಟು ಮುರಿತಗಳು 33 ಪ್ರತಿಶತ, ಸೊಂಟದ ಮುರಿತಗಳು 46 ಪ್ರತಿಶತ ಕಡಿಮೆಯಾದವು. ನನ್ನ ಅಭಿಪ್ರಾಯದಲ್ಲಿ, ಮನೆಯ ಹಿರಿಯರಿಗೆ ಏನಾದರೂ ಮಾಡಬೇಕೆನ್ನುವವರು ಮೊದಲು ಓದಬೇಕಾದ ಪ್ರಯೋಗ ಇದು. ಹಾಲು ಒಗ್ಗದವರಿಗೆ, ಹಸಿವೇ ಇಲ್ಲದವರಿಗೆ ಮಾತ್ರೆ ಬೇಕಾಗಬಹುದು.

ಡಬ್ಬಿಯ ಮೇಲಿನ ಸಂಖ್ಯೆಯನ್ನು ಓದುವುದು

ಮಾತ್ರೆಯ ತೂಕ ಬೇರೆ, ಅದರಲ್ಲಿರುವ ಕ್ಯಾಲ್ಸಿಯಂ ಬೇರೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ 40 ಪ್ರತಿಶತ ಮಾತ್ರ ಕ್ಯಾಲ್ಸಿಯಂ ಇರುತ್ತದೆ; 1,250 ಮಿ.ಗ್ರಾಂ ಕಾರ್ಬೊನೇಟ್ ಎಂದರೆ 500 ಮಿ.ಗ್ರಾಂ ಕ್ಯಾಲ್ಸಿಯಂ. ಸಿಟ್ರೇಟ್‌ನಲ್ಲಿ ಅದು ಸುಮಾರು 21 ಪ್ರತಿಶತ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಎಲಿಮೆಂಟಲ್ ಕ್ಯಾಲ್ಸಿಯಂ’ ಎಂದು ಬರೆದಿರುವ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ಸಲಕ್ಕೆ 500 ಮಿ.ಗ್ರಾಂಗಿಂತ ಹೆಚ್ಚು ಕೊಟ್ಟರೆ ದೇಹ ಹೀರುವ ಪಾಲು ಇಳಿಯುತ್ತದೆ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕಾದ್ದರಿಂದ ಅದನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್‌ಗೆಂದು ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಸಿಟ್ರೇಟ್ ಹೆಚ್ಚು ಸೂಕ್ತ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಗಳ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನೂ ಇದರೊಂದಿಗೆ ನುಂಗಬಾರದು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿನಾಲ್ಕನೆಯ ವಾರದಿಂದ ದಿನಕ್ಕೆ ಎರಡು ಬಾರಿ ಕೊಡುವ 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರೆಯ ಮುಖ್ಯ ಉದ್ದೇಶ ರಕ್ತದೊತ್ತಡದ ಅಪಾಯವನ್ನು ತಡೆಯುವುದು. ಅದಕ್ಕೆ ಪ್ರತ್ಯೇಕವಾದ ಪುರಾವೆಯಿದೆ, ಅದನ್ನು ಬಿಡಬಾರದು.

ಡಬ್ಬಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ ಹದಿನಾಲ್ಕು ಅಂಕಿಗಳ ಸಂಖ್ಯೆ ಮತ್ತು ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸಾಲು ಇದ್ದರೆ, ಅದು ಕಾನೂನಿನ ಪ್ರಕಾರ ಆಹಾರ ಪೂರಕ. ಆ ಪರವಾನಗಿ ಮುರಿತ ಕಡಿಮೆಯಾಗುತ್ತದೆಂಬ ಪುರಾವೆಯ ಮುದ್ರೆಯಲ್ಲ. ಬೆಲೆ ಹೆಚ್ಚಿರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅದೇ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ, ಸತು, ವಿಟಮಿನ್ ಕೆ2, ಕೊಲಾಜೆನ್‌ಗಳಂಥ ಸೇರ್ಪಡೆಗಳು. ಕೊಲಾಜೆನ್ ಬಗ್ಗೆ ಹೆಚ್ಚಾಗಿ ತೋರಿಸುವ 2018ರ ಪ್ರಯೋಗದಲ್ಲಿ ಇದ್ದದ್ದು 131 ಮಹಿಳೆಯರು, ಅವಧಿ ಒಂದು ವರ್ಷ, ಅಳೆದದ್ದು ಸಾಂದ್ರತೆಯನ್ನು. ಹಳ್ಳಿಗಳಲ್ಲಿ ಚಟ್ನಿಗೆ ಬಳಸುವ ಮಂಗರವಳ್ಳಿಯ ಸಾರವೂ ಈಗ ಮಾತ್ರೆಯಾಗಿ ಬಂದಿದೆ. ಅದರ ಮೇಲಿನ ಕೆಲಸ ಹೆಚ್ಚಾಗಿ ಪ್ರಾಣಿಗಳ ಮೇಲೆ ಮತ್ತು ಸಣ್ಣ ಗುಂಪುಗಳ ಮೇಲೆ ನಡೆದಿದೆ. ಜನೌಷಧಿ ಕೇಂದ್ರದಲ್ಲಿ ದೊರೆಯುವ ಸರಳವಾದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಮಾತ್ರೆಗಿಂತ ಇವು ಮುರಿತವನ್ನು ಹೆಚ್ಚು ತಡೆಯುತ್ತವೆ ಎನ್ನಲು ಆಧಾರವಿಲ್ಲ.

ಅರವತ್ತು ಸಾವಿರದ ಪುಡಿ

ವಾರಕ್ಕೊಂದರಂತೆ ಹಾಲಿನಲ್ಲಿ ಕಲಸಿ ಕುಡಿಯುವ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಕೊರತೆ ಖಚಿತವಾದವರಿಗೆ ಸಾಮಾನ್ಯವಾಗಿ ಎಂಟು ವಾರಗಳ ಚಿಕಿತ್ಸೆ. ಅದು ಮುಗಿದ ಮೇಲೂ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ವಾರಕ್ಕೊಂದು ಕುಡಿಯುವವರಿದ್ದಾರೆ. ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮಿತಿ ಮೀರಿದರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಪದೇಪದೇ ಮೂತ್ರ, ಮಂಕು ಕಾಣಿಸಿಕೊಂಡು ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ. ದೊಡ್ಡ ಪ್ರಮಾಣವೇ ಒಳ್ಳೆಯದೆಂಬ ಭಾವನೆಯನ್ನು ಆಸ್ಟ್ರೇಲಿಯಾದ 2010ರ ಪ್ರಯೋಗ ಸುಳ್ಳಾಗಿಸಿತು: ಎಪ್ಪತ್ತು ದಾಟಿದ 2,256 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟಾಗ, ಅವರಲ್ಲಿ ಬೀಳುವುದು 15 ಪ್ರತಿಶತ, ಮುರಿತ 26 ಪ್ರತಿಶತ ಹೆಚ್ಚಾಯಿತು. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ಯೂನಿಟ್ ಮೀರಬಾರದು. ಹೆಚ್ಚಿನ ಹಿರಿಯರಿಗೆ 600ರಿಂದ 800 ಸಾಕು.

ಫೋನಿನಲ್ಲಿ ಹುಡುಕುವ ಕ್ರಮ

ವೈದ್ಯಕೀಯ ಪ್ರಬಂಧಗಳ ಸಾರಾಂಶಗಳಿರುವ ಪಬ್‌ಮೆಡ್ ಎಂಬ ಉಚಿತ ತಾಣದಲ್ಲಿ ಪೂರಕದ ಹೆಸರನ್ನೂ ಮುರಿತ ಎಂಬುದರ ಇಂಗ್ಲಿಷ್ ಪದವಾದ ಫ್ರ್ಯಾಕ್ಚರ್ ಅನ್ನೂ ಒಟ್ಟಿಗೆ ಬರೆದು ಹುಡುಕಬೇಕು. ಎಡಬದಿಯ ಆಯ್ಕೆಗಳಲ್ಲಿ ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ (ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸುವ ಪ್ರಯೋಗ) ಅಥವಾ ‘ಸಿಸ್ಟಮ್ಯಾಟಿಕ್ ರಿವ್ಯೂ’ (ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ವಿಮರ್ಶೆ) ಎಂಬುದನ್ನು ಗುರುತಿಸಿದರೆ, ಪ್ರಾಣಿಗಳ ಮೇಲಿನ ಕೆಲಸ ಮತ್ತು ಅಭಿಪ್ರಾಯ ಲೇಖನಗಳು ಬಹುತೇಕ ಬದಿಗೆ ಸರಿಯುತ್ತವೆ. ಸಾರಾಂಶವನ್ನು ಓದುವಾಗ ಭಾಗವಹಿಸಿದವರ ಸಂಖ್ಯೆ, ವಯಸ್ಸು, ಅವಧಿ, ಪ್ರಮಾಣ, ಅಳೆದ ಫಲಿತಾಂಶ ಇಷ್ಟನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಹಣ ಕೊಟ್ಟವರು ಯಾರು ಎಂಬುದು ಕೆಳಗಿನ ಹಿತಾಸಕ್ತಿ ಹೇಳಿಕೆಯಲ್ಲಿ ಇರುತ್ತದೆ. ಕಂಪನಿಯ ಹಣವಿದ್ದ ಮಾತ್ರಕ್ಕೆ ಪ್ರಯೋಗ ಸುಳ್ಳಲ್ಲ, ಆದರೆ ಬೇರೆಯವರೂ ಅದನ್ನು ಮಾಡಿ ಅದೇ ಉತ್ತರ ಪಡೆದಿದ್ದಾರೆಯೇ ಎಂದು ನೋಡಬೇಕಾಗುತ್ತದೆ.

ಪ್ರಬಂಧದ ಮೇಲೆ ‘ರಿಟ್ರ್ಯಾಕ್ಟೆಡ್’, ಅಂದರೆ ಹಿಂಪಡೆಯಲಾಗಿದೆ ಎಂಬ ಪಟ್ಟಿ ಇದೆಯೇ ಎಂಬುದನ್ನೂ ಗಮನಿಸಬೇಕು. ಮೂಳೆಯ ವಿಷಯದಲ್ಲಿ ಇದು ಬರಿಯ ಔಪಚಾರಿಕ ಎಚ್ಚರಿಕೆಯಲ್ಲ. ವಿಟಮಿನ್ ಕೆ, ವಿಟಮಿನ್ ಡಿ ಮುಂತಾದವುಗಳಿಂದ ಸೊಂಟದ ಮುರಿತ ಅಚ್ಚರಿಯಾಗುವಷ್ಟು ಇಳಿಯಿತೆಂದು ಜಪಾನಿನ ಯೋಶಿಹಿರೊ ಸಾಟೊ ಎಂಬ ವೈದ್ಯ ಪ್ರಕಟಿಸಿದ್ದ ಅನೇಕ ಪ್ರಯೋಗಗಳು ಕಟ್ಟುಕಥೆಗಳೆಂದು ತಿಳಿದುಬಂದು, ಅವುಗಳಲ್ಲಿ ಹಲವನ್ನು ಪತ್ರಿಕೆಗಳು ಹಿಂಪಡೆದವು. ಅವನ್ನು ನಂಬಿ ಸೇರಿಸಿಕೊಂಡಿದ್ದ ವಿಮರ್ಶೆಗಳ ತೀರ್ಮಾನಗಳೂ ಅಲುಗಾಡಿದವು. ವಿಟಮಿನ್ ಕೆ ಬಗ್ಗೆ ಹಳೆಯ ಲೇಖನವೊಂದು ಭಾರಿ ಲಾಭವನ್ನು ಹೇಳುತ್ತಿದ್ದರೆ, ಅದರ ಮೂಲ ಎಲ್ಲಿಯದೆಂದು ಒಮ್ಮೆ ನೋಡುವುದು ಒಳಿತು.

ಇಷ್ಟಾದ ಮೇಲೆ ವೈದ್ಯರ ಬಳಿಗೆ ಹೋಗುವಾಗ ಆ ಕಾಗದದ ಜೊತೆಗೆ ಊಟದ ಕ್ಯಾಲ್ಸಿಯಂ ಲೆಕ್ಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ಹಿಂದೆ ಮೂಳೆ ಮುರಿದಿದ್ದರೆ ಅದರ ವಿವರ, ಮೂತ್ರಪಿಂಡದ ಕಲ್ಲಿನ ಇತಿಹಾಸ, ಉಬ್ಬಸಕ್ಕೋ ಕೀಲುನೋವಿಗೋ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದರ ಚೀಟಿ, ಕುಡಿಯುವ ನೀರಿನ ಪರೀಕ್ಷೆಯ ವರದಿ ಇವನ್ನು ಒಯ್ಯಬೇಕು. ಮಾತ್ರೆ ಬೇಕೆಂದು ಅವರು ಹೇಳಿದರೆ, ಯಾವ ಕಾರಣಕ್ಕೆ, ಎಷ್ಟು ದಿನ, ಯಾವಾಗ ಮತ್ತೆ ಪರೀಕ್ಷಿಸಬೇಕು ಎಂದು ಕೇಳಿ, ಪ್ರಾರಂಭದ ದಿನಾಂಕದೊಂದಿಗೆ ಆ ಮೂರನ್ನೂ ಡಬ್ಬಿಯ ಮೇಲೆಯೇ ಬರೆದಿಡಬೇಕು.